ಹುತಾತ್ಮ ಪೊಲೀಸರ ಮಕ್ಕಳ ಹೆಸರಿನಲ್ಲೂ ಒಂದು ಕಡತ ತೆರೆಯಿರಿ

ಮಾನ್ಯ ಸಂಪಾದಕರೇ,

ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟ ಪೊಲೀಸರ ಹೆಸರುಗಳನ್ನು ಪ್ರತಿ ವರ್ಷ ಅಕ್ಟೋಬರ್ 21ರಂದು ಓದಲಾಗುತ್ತದೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ಹತ್ತು ಮಂದಿ ಬಲಿಯಾದ ದಿನವದು. ಹಿಂದಿನ ಸೆಪ್ಟೆಂಬರ್ 1ರಿಂದ ಈ ಆಗಸ್ಟ್ 31ರವರೆಗೆ ಮಡಿದವರ ಪಟ್ಟಿಯನ್ನು ಅಂದು ಓದುತ್ತಾರೆ, ಗೌರವ ಸಲ್ಲಿಸುತ್ತಾರೆ, ಪರಿಹಾರದ ಮೊತ್ತ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಮೊತ್ತ ಯಾರ ಖಾತೆಗೆ ಹೋಯಿತು, ಅದರಲ್ಲಿ ಮಕ್ಕಳ ಪಾಲೆಷ್ಟು, ಹತ್ತು ವರ್ಷದ ಮೇಲೆ ಆ ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿದರೆ ತೆರೆದು ತೋರಿಸಲು ಒಂದು ಕಡತ ಸಿಗುವುದಿಲ್ಲ. ಪತ್ನಿಯ ಹೆಸರಲ್ಲಿ ಪಿಂಚಣಿ ಕಡತ ಇರುತ್ತದೆ, ನಾಮನಿರ್ದೇಶಿತರ ಹೆಸರಲ್ಲಿ ವಿಮೆಯ ಕಡತ ಇರುತ್ತದೆ, ಅನುಕಂಪದ ನೌಕರಿಗೆ ಬೇರೆಯದೇ ಕಡತ. ಮಗುವಿನ ಹೆಸರಲ್ಲಿ ಮಾತ್ರ ಏನೂ ಇರುವುದಿಲ್ಲ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮೂರು ವರ್ಷದ ಮಗುವಿನ ಹೊಣೆ ಹದಿನೈದು, ಇಪ್ಪತ್ತು ವರ್ಷದ್ದು. ನಮ್ಮ ವ್ಯವಸ್ಥೆ ಮೊದಲ ವರ್ಷದಲ್ಲೇ ಎಲ್ಲವನ್ನೂ ಮುಗಿಸಿ ಕಡತ ಮುಚ್ಚುತ್ತದೆ. ಈ ಪತ್ರ ಅದರ ಬಗ್ಗೆ.

ಎಲ್ಲಕ್ಕೂ ಬುನಾದಿ ಮೊದಲ ಎರಡು ದಿನಗಳ ದಾಖಲೆ. ಸತ್ತವರು ಆ ಹೊತ್ತಿನಲ್ಲಿ ಕರ್ತವ್ಯದ ಮೇಲಿದ್ದರು ಎಂಬುದನ್ನು ಹೇಳುವುದು ಠಾಣಾ ದಿನಚರಿ, ಕರ್ತವ್ಯ ಹಂಚಿಕೆಯ ಹಾಳೆ, ಬಂದೋಬಸ್ತ್ ಆದೇಶ, ವಾಹನದ ಲಾಗ್ ಪುಸ್ತಕ ಮತ್ತು ವೈರ್‌ಲೆಸ್ ಸಂದೇಶದ ನಮೂದು. ದುಃಖದ ಗಡಿಬಿಡಿಯಲ್ಲಿ ಇವುಗಳ ದೃಢೀಕೃತ ನಕಲು ತೆಗೆದಿಡಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಆರು ತಿಂಗಳ ನಂತರ ಮೇಲಿನ ಕಚೇರಿ ಕೇಳಿದಾಗ ಲಾಗ್ ಪುಸ್ತಕ ತುಂಬಿ ದಾಸ್ತಾನಿಗೆ ಹೋಗಿರುತ್ತದೆ, ಮೌಖಿಕವಾಗಿ ಬಂದೋಬಸ್ತ್‌ಗೆ ಕಳಿಸಿದ್ದ ಇನ್‌ಸ್ಪೆಕ್ಟರ್ ವರ್ಗವಾಗಿರುತ್ತಾರೆ. ಹೆಚ್ಚು ತಕರಾರು ಬರುವುದು ಎರಡು ಬಗೆಯ ಸಾವುಗಳಲ್ಲಿ. ಒಂದು, ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವಾಗ ಆದ ಅಪಘಾತ. ಎರಡು, ಜಾತ್ರೆ ಅಥವಾ ಚುನಾವಣೆ ಬಂದೋಬಸ್ತ್‌ನಲ್ಲಿ ನಿಂತಲ್ಲೇ ಆದ ಹೃದಯಾಘಾತ. ಮೊದಲನೆಯದರಲ್ಲಿ ‘ಕರ್ತವ್ಯ ಮುಗಿಸಿ ತೆರಳುವಾಗ’ ಎಂಬ ಮೂರು ಪದ ಎಫ್‌ಐಆರ್‌ನಲ್ಲಿ ಬಿದ್ದರೆ ಸಾಕು, ಕರ್ತವ್ಯದ ಸಾವಲ್ಲ ಎಂಬ ಹಿಂಬರಹ ಸಿದ್ಧವಾಗುತ್ತದೆ. ಠಾಣೆಯಿಂದ ಹೊರಟ ಸಮಯ, ಮರಳಿ ಬರಬೇಕಿದ್ದ ಸಮಯ, ಸಮನ್ಸ್ ಜಾರಿಯಂಥ ಕೆಲಸ ಜೊತೆಗಿತ್ತೇ ಎಂಬುದು ದಿನಚರಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಎರಡನೆಯದರಲ್ಲಿ, ಸಹಜ ಸಾವು ಎಂದುಕೊಂಡು ಮರಣೋತ್ತರ ಪರೀಕ್ಷೆ ಬೇಡವೆಂದು ಮನೆಯವರೇ ಕೈಮುಗಿದು ಕೇಳಿಕೊಳ್ಳುತ್ತಾರೆ, ಸಹೋದ್ಯೋಗಿಗಳು ಕರುಣೆಯಿಂದ ಒಪ್ಪಿಬಿಡುತ್ತಾರೆ. ಆ ಕರುಣೆಯೇ ಮಕ್ಕಳಿಗೆ ಮುಳುವಾಗುತ್ತದೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರದ ಶವ ಪಂಚನಾಮೆಯೂ ಮರಣೋತ್ತರ ವರದಿಯೂ ಇಲ್ಲದಿದ್ದರೆ ಎಷ್ಟು ಗಂಟೆ ಸತತ ಕೆಲಸ ಮಾಡಿದ್ದರು, ಯಾವ ಬಿಸಿಲಲ್ಲಿ ನಿಂತಿದ್ದರು ಎಂಬುದಕ್ಕೂ ಸಾವಿಗೂ ಇರುವ ನಂಟನ್ನು ಮುಂದೆ ಸಾಬೀತು ಮಾಡುವ ದಾರಿಯೇ ಇರುವುದಿಲ್ಲ.

ಮರಣ ನೋಂದಣಿ 21 ದಿನಗಳೊಳಗೆ ಆಗಬೇಕು. ಸಾವು ಬೇರೆ ಜಿಲ್ಲೆಯಲ್ಲಿ ಆಗಿದ್ದರೆ ನೋಂದಣಿಯೂ ಅಲ್ಲಿಯೇ. ಊರಿನ ಗ್ರಾಮ ಪಂಚಾಯಿತಿಯಲ್ಲಿ ಕೇಳುತ್ತ ಕೂತು ಗಡುವು ಮೀರಿಸಿಕೊಳ್ಳುವವರಿದ್ದಾರೆ. ಪ್ರಮಾಣಪತ್ರದ ಹತ್ತು ಹದಿನೈದು ಪ್ರತಿಗಳನ್ನು ಒಮ್ಮೆಲೇ ಪಡೆದಿಡಿ, ಪ್ರತಿ ಅರ್ಜಿಗೂ ಒಂದೊಂದು ಬೇಕಾಗುತ್ತದೆ. ಮುಂದಿನದು ನಾಡಕಚೇರಿಯಲ್ಲಿ ಪಡೆಯುವ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರ. ಈ ಒಂದು ಹಾಳೆಯ ಮೇಲೆ ಮಗುವಿನ ಮುಂದಿನ ಹದಿನೈದು ವರ್ಷ ನಿಂತಿರುತ್ತದೆ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಅತ್ತೆಮಾವ ಒಂದು ಹೇಳಿ, ಪತ್ನಿ ಇನ್ನೊಂದು ಹೇಳಿ, ಹೊಟ್ಟೆಯಲ್ಲಿರುವ ಮಗು, ಮೊದಲ ಪತ್ನಿಯ ಮಗು, ತವರಿನಲ್ಲಿ ಬೆಳೆಯುತ್ತಿರುವ ಮಗು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಗರ್ಭಿಣಿಯಾಗಿದ್ದರೆ ಅದನ್ನು ಬರಹದಲ್ಲಿ ತಿಳಿಸಿ, ಹೆರಿಗೆಯಾದ ಮೇಲೆ ಪರಿಷ್ಕೃತ ಪ್ರಮಾಣಪತ್ರ ಮಾಡಿಸಲೇಬೇಕು.

ಇನ್ನೊಂದು ಕಹಿ ವಿಷಯ ಹೇಳದೆ ಇರಲಾಗದು. ಎರಡನೇ ಸಂಬಂಧದ ಮಕ್ಕಳನ್ನು ಮುಚ್ಚಿಡುವ ಪ್ರಯತ್ನ ಅನೇಕ ಮನೆಗಳಲ್ಲಿ ನಡೆಯುತ್ತದೆ, ಕಚೇರಿಗಳೂ ‘ಕೋರ್ಟಿಗೆ ಹೋಗಿ’ ಎಂದು ಕೈತೊಳೆದುಕೊಳ್ಳುತ್ತವೆ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಅಸಿಂಧು (ಕಾನೂನಿನಂತೆ ಮಾನ್ಯವಲ್ಲದ) ವಿವಾಹದ ಮಕ್ಕಳನ್ನೂ ಔರಸ, ಅಂದರೆ ಕಾನೂನುಬದ್ಧ ಮಕ್ಕಳೆಂದೇ ಗುರುತಿಸುತ್ತದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ತಂದೆ ತಾಯಿಯ ಆಸ್ತಿಯಲ್ಲಿ ಅಂಥ ಮಕ್ಕಳ ಹಕ್ಕನ್ನು ಎತ್ತಿಹಿಡಿದಿದೆ. ಎರಡನೇ ಮದುವೆಯ ಮಗು ಎಂಬ ಒಂದೇ ಕಾರಣಕ್ಕೆ ಅನುಕಂಪದ ನೌಕರಿ ನಿರಾಕರಿಸಬಾರದೆಂದು ಅದೇ ನ್ಯಾಯಾಲಯ 2018ರಲ್ಲಿ ಹೇಳಿದೆ. ದೊಡ್ಡವರ ತಪ್ಪುಒಪ್ಪುಗಳ ಲೆಕ್ಕ ಏನೇ ಇರಲಿ, ಮಗುವಿನ ಹೆಸರು ಪಟ್ಟಿಯಲ್ಲಿರಲಿ. ಆಮೇಲೆ ಸೇರಿಸುವುದಕ್ಕಿಂತ ಈಗಲೇ ಬರೆಸುವುದು ನೂರು ಪಾಲು ಸುಲಭ.

ಹೆಸರಿನ ಕಾಗುಣಿತ ಚಿಕ್ಕ ವಿಷಯ ಎನಿಸಬಹುದು, ಆದರೆ ಕಡತಗಳು ಅತಿ ಹೆಚ್ಚು ನಿಲ್ಲುವುದೇ ಅಲ್ಲಿ. ಸೇವಾ ಪುಸ್ತಕದಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಶಾಲೆಯ ದಾಖಲಾತಿಯಲ್ಲಿ ಮಗುವಿನ ಹೆಸರಿನ ಜೊತೆ ತಾಯಿಯ ತವರಿನ ಅಡ್ಡಹೆಸರು. ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದೆ ‘ಗಂಡು ಮಗು’ ಎಂದಷ್ಟೇ. ಎಸ್‌ಪಿ ಕಚೇರಿಯಿಂದ ಮಹಾಲೇಖಪಾಲರ ಕಚೇರಿಗೆ ಹೋದ ಪಿಂಚಣಿ ಪ್ರಸ್ತಾವ ಆಕ್ಷೇಪಣೆಯೊಂದಿಗೆ ಹಿಂದಿರುಗಿದರೆ ಅದು ಮತ್ತೆ ಹೊರಡಲು ತಿಂಗಳುಗಳೇ ಹಿಡಿಯುತ್ತವೆ. ಎಲ್ಲ ದಾಖಲೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ, ವ್ಯತ್ಯಾಸವಿದ್ದರೆ ಮೊದಲೇ ತಿದ್ದಿಸಿ ಕಳಿಸುವುದು ವಿಷಯ ನಿರ್ವಾಹಕರ ಕೆಲಸವಾಗಬೇಕು, ಕೈಗೂಸು ಎತ್ತಿಕೊಂಡು ಬಂದ ತಾಯಿಯದ್ದಲ್ಲ.

ಕುಟುಂಬ ಪಿಂಚಣಿಯ ಒಂದು ಅನ್ಯಾಯವನ್ನು ಯಾರೂ ಎತ್ತಿ ಆಡುವುದಿಲ್ಲ. ಸಾಮಾನ್ಯ ದರ ಕೊನೆಯ ಮೂಲ ವೇತನದ ಶೇ 30. ಮೂಲ ವೇತನ ಕಡಿಮೆಯಿರುವ ಹೊಸ ಕಾನ್‌ಸ್ಟೆಬಲ್ ಸತ್ತರೆ ಈ ಲೆಕ್ಕದಲ್ಲಿ ಬರುವುದು ತೀರಾ ಸಣ್ಣ ಮೊತ್ತ ಮತ್ತು ಅದರ ಮೇಲಿನ ತುಟ್ಟಿಭತ್ಯೆ. ಮರಣ ಉಪದಾನವೂ (ಗ್ರಾಚ್ಯುಟಿ) ಸೇವೆಯ ವರ್ಷಗಳಿಗೆ ತಕ್ಕಂತೆ ಏರುವಂಥದ್ದು. ಎಂದರೆ, ಐವತ್ತೈದರ ಎಎಸ್‌ಐ ಸತ್ತಾಗ ಮಕ್ಕಳು ಬೆಳೆದಿರುತ್ತಾರೆ, ಹಣ ಹೆಚ್ಚು ಬರುತ್ತದೆ. ಇಪ್ಪತ್ತೊಂಬತ್ತರ ಕಾನ್‌ಸ್ಟೆಬಲ್ ಸತ್ತಾಗ ಮಗು ತೊಟ್ಟಿಲಲ್ಲಿರುತ್ತದೆ, ಹಣ ಅತಿ ಕಡಿಮೆ. ಅಗತ್ಯ ದೀರ್ಘವಾದಷ್ಟೂ ನೆರವು ಕಿರಿದಾಗುವ ಈ ಸೂತ್ರವನ್ನು ಕರ್ತವ್ಯದಲ್ಲಿ ಮಡಿದವರ ಮಟ್ಟಿಗಾದರೂ ತಿರುಗಿಸಬೇಕು. ಕೊನೆಯ ಮಗು ಪದವಿ ಮುಗಿಸುವವರೆಗೆ ಪ್ರತಿ ಮಗುವಿಗೆ ಪ್ರತ್ಯೇಕ ಶಿಕ್ಷಣ ಭತ್ಯೆ, ಅದೂ ತಂದೆಯ ಸೇವಾವಧಿಯನ್ನು ನೋಡದೆ ಕೊಡುವುದು, ನಮ್ಮ ಮೊದಲ ಬೇಡಿಕೆ.

2006ರ ಏಪ್ರಿಲ್ 1 ಮತ್ತು ಅನಂತರ ಸೇರಿದವರಲ್ಲಿ ಹೆಚ್ಚಿನವರು, ನೌಕರ ಮತ್ತು ಸರ್ಕಾರ ಇಬ್ಬರೂ ವಂತಿಗೆ ಕಟ್ಟುವ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನಲ್ಲಿದ್ದಾರೆ. ಚಿಕ್ಕ ಮಕ್ಕಳಿರುವ ಪೊಲೀಸರಲ್ಲಿ ಬಹುಪಾಲು ಇವರೇ. ಸೇವೆಯಲ್ಲಿ ಸತ್ತ ಎನ್‌ಪಿಎಸ್ ನೌಕರರ ಕುಟುಂಬಕ್ಕೂ ಮರಣ ಉಪದಾನ ಮತ್ತು ಕುಟುಂಬ ಪಿಂಚಣಿಯನ್ನು ರಾಜ್ಯ ಸರ್ಕಾರ 2018ರಲ್ಲಿ ವಿಸ್ತರಿಸಿದೆ. ಇದು ಗೊತ್ತಿಲ್ಲದೆ, ಕೈಗೆ ತಕ್ಷಣ ದುಡ್ಡು ಬರುತ್ತದೆಂದು ಎನ್‌ಪಿಎಸ್ ಖಾತೆಯ ಹಣ ಹಿಂಪಡೆಯುವ ಫಾರಂಗೆ ಮೊದಲೇ ಸಹಿ ಹಾಕಬೇಡಿ. ಕುಟುಂಬ ಪಿಂಚಣಿಯ ಆಯ್ಕೆ ಬರಹದಲ್ಲಿ ದಾಖಲಾಗಿ ಸ್ವೀಕೃತಿ ಕೈಗೆ ಬಂದ ಮೇಲೆಯೇ ಆ ಫಾರಂ ಮುಟ್ಟಬೇಕು. ವಿಧವೆ ಮರುಮದುವೆಯಾದರೆ ಪಿಂಚಣಿ ಮಕ್ಕಳಿಗೆ ಹೊರಳುತ್ತದೆ, ಒಬ್ಬರಾದ ಮೇಲೆ ಒಬ್ಬರಂತೆ, ಹಿರಿಯರಿಂದ ಕಿರಿಯರಿಗೆ. ಇದಕ್ಕೆ ಹೊಸ ಅರ್ಜಿ ಬೇಕು, ತಾನಾಗಿಯೇ ಆಗುವುದಿಲ್ಲ. ಅಂಗವಿಕಲ ಮಗುವಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಈಗಲೇ ಸಲ್ಲಿಸಿ ಪಿಂಚಣಿ ಪಾವತಿ ಆದೇಶದಲ್ಲಿ ಹೆಸರು ನಮೂದಾಗುವಂತೆ ನೋಡಿಕೊಳ್ಳಿ. ತಾಯಿ ತೀರಿಕೊಂಡ ಮೇಲೆ ನಲವತ್ತು ವರ್ಷದ ಅಂಗವಿಕಲ ಮಗ ‘ನನಗೆ ಬಾಲ್ಯದಿಂದಲೇ ಹೀಗೆ’ ಎಂದು ಸಾಬೀತು ಮಾಡುವುದು ಬಹಳ ಕಷ್ಟ.

ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಗಳು, ಗುಂಪು ವಿಮೆ, ಸಂಬಳದ ಖಾತೆಗೆ ಬ್ಯಾಂಕು ಜೋಡಿಸಿರುವ ಅಪಘಾತ ವಿಮೆ ಇವುಗಳ ಜೊತೆಗೆ ಪಾಸ್‌ಬುಕ್ಕನ್ನೂ ಒಮ್ಮೆ ತಿರುವಿ ನೋಡಿ. ಮೇ ಕೊನೆಯ ವಾರದ ಆಸುಪಾಸಿನಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಇದೆ ಎಂದರ್ಥ, 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ. ಅಪಘಾತದ ಸಾವಾದರೆ ತಲಾ ಎರಡು ಲಕ್ಷ. ಎಷ್ಟೋ ಮನೆಗಳಿಗೆ ಇದು ಇದ್ದದ್ದೇ ತಿಳಿಯುವುದಿಲ್ಲ. ನೌಕರಿಗೆ ಸೇರಿದಾಗ ನಾಮನಿರ್ದೇಶಿತರೆಂದು ತಾಯಿಯ ಹೆಸರು ಬರೆದವರು ಮದುವೆಯಾದ ಮೇಲೆ, ಮಕ್ಕಳಾದ ಮೇಲೆ ಅದನ್ನು ತಿದ್ದಿಸಿರುವುದಿಲ್ಲ ಎಂಬುದು ವಿಮೆಯಲ್ಲಿ ಮತ್ತೆ ಮತ್ತೆ ಕಾಣುವ ಸಮಸ್ಯೆ. ಮಗುವನ್ನು ನಾಮನಿರ್ದೇಶಿಸಿದವರು ಅದು ಪ್ರಾಯಕ್ಕೆ ಬರುವವರೆಗೆ ಹಣ ಪಡೆದು ಕಾಯುವ ವ್ಯಕ್ತಿಯ ಹೆಸರನ್ನೂ ಬರೆಯಬೇಕು. ಆ ಜಾಗ ಖಾಲಿ ಬಿಟ್ಟ ಫಾರಂಗಳೇ ಹೆಚ್ಚು.

ಈಗ ಮೋಟಾರು ವಾಹನ ಪರಿಹಾರದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಕ್ಕಳ ಪಾಲಿಗೆ ಅತಿ ದೊಡ್ಡ ಮೊತ್ತ ಬರಬಹುದಾದದ್ದು ಇಲ್ಲಿಂದ, ಅತಿ ಹೆಚ್ಚು ಕೈತಪ್ಪುವುದೂ ಇಲ್ಲಿಯೇ. ಚೆಕ್‌ಪೋಸ್ಟಿನಲ್ಲಿ ಲಾರಿ ಹರಿದು, ಹೆದ್ದಾರಿ ಗಸ್ತಿನ ಜೀಪಿಗೆ ಬಸ್ಸು ಗುದ್ದಿ ಸತ್ತವರ ಮನೆಯವರಿಗೆ ‘ಸರ್ಕಾರ ಪರಿಹಾರ ಕೊಟ್ಟಿದೆ, ಕ್ಲೇಮ್ ಹಾಕಿದರೆ ಅದು ನಿಂತುಹೋಗುತ್ತದೆ’ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಕುಟುಂಬ ಪಿಂಚಣಿ, ಉಪದಾನ, ಜೀವವಿಮೆಯ ಹಣವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕೊಡುವ ಪರಿಹಾರದಿಂದ ಕಳೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಬಾಸ್ಟಿಯಾನಿ ಲಕ್ರಾ ಪ್ರಕರಣದಲ್ಲಿ ಹೇಳಿದೆ. ಸಂಬಳಕ್ಕೆ ಬದಲಾಗಿ ಸರ್ಕಾರ ಅನುಕಂಪದಿಂದ ಕೊಡುವ ಮಾಸಿಕ ಮೊತ್ತವನ್ನು ಮಾತ್ರ ಆ ಮಟ್ಟಿಗೆ ಹೊಂದಿಸಬಹುದೆಂಬ 2016ರ ತೀರ್ಪೊಂದಿದೆ, ವಕೀಲರಿಗೆ ಅದನ್ನು ಮೊದಲೇ ತಿಳಿಸಿ.

ಲೆಕ್ಕ ಹೀಗೆ ನಡೆಯುತ್ತದೆ. 34 ವರ್ಷದ ಕಾನ್‌ಸ್ಟೆಬಲ್, ತೆರಿಗೆ ಕಳೆದು ತಿಂಗಳ ಸಂಬಳ 45,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 5,40,000. ಕಾಯಂ ನೌಕರಿ, ವಯಸ್ಸು ನಲವತ್ತಕ್ಕಿಂತ ಕಡಿಮೆ, ಹಾಗಾಗಿ 2017ರ ಪ್ರಣಯ್ ಸೇಥಿ ತೀರ್ಪಿನಂತೆ ಮುಂದಿನ ಏರಿಕೆಗೆಂದು ಶೇ 50 ಸೇರಿಸಿದರೆ 8,10,000. ಪತ್ನಿ, ಇಬ್ಬರು ಮಕ್ಕಳು, ತಾಯಿ ಸೇರಿ ಅವಲಂಬಿತರು ನಾಲ್ವರು. ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 6,07,500. ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಅಂಕಿ, 16. ಒಟ್ಟು 97,20,000 ರೂಪಾಯಿ. ಇದರ ಮೇಲೆ ಪತ್ನಿಗೂ ಪ್ರತಿ ಮಗುವಿಗೂ ಸಾಂಗತ್ಯ ನಷ್ಟಕ್ಕೆ ಮೂಲದಲ್ಲಿ 40,000ದಂತೆ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆಯೊಂದಿಗೆ. ಸಂಬಳ ಚೀಟಿ ಹಾಗೂ ವಯಸ್ಸಿನ ದಾಖಲೆ ಸರಿಯಿಲ್ಲದೆ ಗುಣಕ ಒಂದು ಅಂಕಿ ಇಳಿದರೂ ಮಕ್ಕಳು ಆರು ಲಕ್ಷಕ್ಕೂ ಮೇಲೆ ಕಳೆದುಕೊಳ್ಳುತ್ತಾರೆ.

ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. 2019ರ ತಿದ್ದುಪಡಿಯಲ್ಲಿ ಬಂದು 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮವಿದು. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆಯಾದರೂ ಅದನ್ನೇ ನಂಬಿ ಕೂರುವುದು ಬೇಡ. ಡಿಕ್ಕಿ ಹೊಡೆದ ವಾಹನ ಸಿಗದೇ ಹೋದರೆ ಕೇಂದ್ರದ ಯೋಜನೆಯಡಿ ಎರಡು ಲಕ್ಷ ರೂಪಾಯಿಗೆ ಬೇರೆ ಅರ್ಜಿಯಿದೆ. ಇಲಾಖೆಯ ಜೀಪೇ ಮಗುಚಿ ಹಿಂದೆ ಕೂತವರು ಸತ್ತಿದ್ದರೆ ವಾಹನದ ಮಾಲೀಕನಾದ ರಾಜ್ಯ ಸರ್ಕಾರವನ್ನೇ ಪ್ರತಿವಾದಿ ಮಾಡಬೇಕು. ಇಲಾಖೆಯ ವಿರುದ್ಧ ಕೇಸು ಹಾಕಿದರೆ ಅನುಕಂಪದ ನೌಕರಿಗೆ ಕುತ್ತು ಎಂಬ ಭಯ ಬೇಡ. ಜೀಪು ಓಡಿಸುತ್ತಿದ್ದವರೇ ಸತ್ತಾಗ ಇನ್ನೊಂದು ಎಡವಟ್ಟಾಗುತ್ತದೆ. ಸತ್ತ ಚಾಲಕನ ಅಜಾಗರೂಕತೆ ಎಂದು ಬರೆದು, ಆರೋಪಿ ಮೃತನಾದ್ದರಿಂದ ಪ್ರಕರಣ ಮುಕ್ತಾಯ ಎಂದು ವರದಿ ಹಾಕಿದರೆ ತನಿಖಾಧಿಕಾರಿಯ ಕೆಲಸ ಹಗುರವಾಗುತ್ತದೆ, ಚಾಲಕನ ಮಕ್ಕಳ ಬಾಗಿಲು ಮುಚ್ಚುತ್ತದೆ. ಟೈರ್ ಸವೆದಿತ್ತೇ, ಬ್ರೇಕ್ ಸರಿಯಿತ್ತೇ, ಎದುರಿನ ವಾಹನ ಪಥ ಬಿಟ್ಟು ಬಂತೇ ಎಂಬುದನ್ನು ಮೋಟಾರು ವಾಹನ ನಿರೀಕ್ಷಕರ ವರದಿ ಬರುವ ಮುನ್ನ ಯಾರೂ ಬರೆಯಕೂಡದು. ಸಹೋದ್ಯೋಗಿಯ ಮಗುವಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಪ್ರಾಮಾಣಿಕ ತನಿಖೆ.

ಅಕ್ರಮ ಮರಳು ಸಾಗಣೆ ತಡೆಯಲು ಹೋದವರ ಮೇಲೆ ವಾಹನ ಹರಿಸಿ ಕೊಲ್ಲುವುದು ನಮ್ಮ ರಾಜ್ಯದಲ್ಲಿ ನಡೆದಿದೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಹೀಗೆಯೇ ಟ್ರ್ಯಾಕ್ಟರ್‌ಗೆ ಬಲಿಯಾದರು. ಇಂಥ ಪ್ರಕರಣಗಳಲ್ಲಿ ಇದು ಕೊಲೆ, ಅಪಘಾತವಲ್ಲ ಎಂದು ವಿಮಾ ಕಂಪನಿ ವಾದಿಸುತ್ತದೆ. ಕೊಲ್ಲುವುದೇ ಮುಖ್ಯ ಉದ್ದೇಶವಾಗಿತ್ತೇ, ಅಥವಾ ಬೇರೊಂದು ಅಪರಾಧ ಮಾಡುವಾಗ ಸಾವು ಸಂಭವಿಸಿತೇ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ರೀಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಮರಳು ಸಮೇತ ತಪ್ಪಿಸಿಕೊಳ್ಳುವ ಯತ್ನದಲ್ಲಿ ಹರಿಸಿದ್ದಾದರೆ ಪರಿಹಾರಕ್ಕೆ ದಾರಿಯಿದೆ. ಟ್ರ್ಯಾಕ್ಟರಿಗೂ ಟ್ರೈಲರಿಗೂ ಪ್ರತ್ಯೇಕ ನೋಂದಣಿ, ಪ್ರತ್ಯೇಕ ವಿಮೆ. ಎರಡರ ಸಂಖ್ಯೆಯೂ ಪಂಚನಾಮೆಯಲ್ಲಿರಬೇಕು. ಅದಲ್ಲದೆ ಕೊಲೆಗೀಡಾದವರ ಅವಲಂಬಿತರು ಸುರಕ್ಷಾ ಸಂಹಿತೆಯ 396ನೇ ಕಲಮಿನಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಸಂತ್ರಸ್ತರ ಪರಿಹಾರ ಕೋರಿ ಅರ್ಜಿ ಹಾಕಬಹುದು. ಪೊಲೀಸ್ ಕುಟುಂಬಗಳು ತಾವೂ ಸಂತ್ರಸ್ತರೆಂದು ಯೋಚಿಸುವುದೇ ಇಲ್ಲ.

ಅನುಕಂಪದ ನೌಕರಿಯತ್ತ ಬರೋಣ. 1996ರ ನಿಯಮಗಳ ಮೂಲರೂಪದಲ್ಲಿ, ತಂದೆ ಸತ್ತಾಗ ಚಿಕ್ಕವರಿದ್ದ ಮಕ್ಕಳು ಹದಿನೆಂಟು ತುಂಬಿದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದಿತ್ತು. 1999ರ ಏಪ್ರಿಲ್ 1ರಿಂದ ಬಂದ ತಿದ್ದುಪಡಿ ಆ ಅವಕಾಶ ಕಿತ್ತುಕೊಂಡಿತು: ಸಾವಿನಿಂದ ಒಂದು ವರ್ಷದೊಳಗೆ ಅರ್ಜಿ, ಅಷ್ಟರಲ್ಲಿ ಹದಿನೆಂಟು ತುಂಬಿರಬೇಕು. ಹಳೆಯ ನಿಯಮ ನಂಬಿ ಪ್ರಾಯಕ್ಕೆ ಬಂದ ಮೇಲೆ ಅರ್ಜಿ ಹಾಕಿ ನೌಕರಿ ಪಡೆದು, ಮುಂದೆ ಅದನ್ನು ಕಳೆದುಕೊಂಡವರ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅರ್ಜಿಯನ್ನು ಪರಿಗಣಿಸುವ ದಿನ ಜಾರಿಯಲ್ಲಿರುವ ನಿಯಮವೇ ಅನ್ವಯ ಎಂದು 2020ರಲ್ಲಿ ತೀರ್ಪಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದ ನಿಯಮವನ್ನು ಕರ್ನಾಟಕ ಹೈಕೋರ್ಟ್ ತಾರತಮ್ಯವೆಂದು ತಳ್ಳಿಹಾಕಿದ್ದು ಒಳ್ಳೆಯ ಬೆಳವಣಿಗೆ. ನಿಯಮಗಳು ಆಮೇಲೂ ತಿದ್ದುಪಡಿಯಾಗಿವೆ. ಆದರೆ ಐದು ವರ್ಷದ ಮಗುವಿನ ಮಟ್ಟಿಗೆ ಇದೆಲ್ಲ ದೂರದ ಮಾತು. ತಾಯಿ ನೌಕರಿಗೆ ಸೇರಿದರೆ ಸರಿ. ಆಕೆ ಕಾಯಿಲೆಯವಳಾಗಿದ್ದರೆ, ಓದಿರದಿದ್ದರೆ, ಅಥವಾ ಬದುಕಿಯೇ ಇಲ್ಲದಿದ್ದರೆ ಆ ಮಕ್ಕಳಿಗೆ ನೌಕರಿಯೆಂಬುದು ಇಲ್ಲ.

ಮಧ್ಯಪ್ರದೇಶ ಮತ್ತು ಛತ್ತೀಸ್‌ಗಢಗಳಲ್ಲಿ ‘ಬಾಲ ಆರಕ್ಷಕ’ ಎಂಬ ವ್ಯವಸ್ಥೆಯಿದೆ. ಮೃತ ಪೊಲೀಸರ ಚಿಕ್ಕ ಮಗುವನ್ನು ಆ ಹುದ್ದೆಗೆ ಸೇರಿಸಿಕೊಂಡು ವೇತನದ ಒಂದು ಭಾಗ ಕೊಟ್ಟು, ಓದಿಸಿ, ಪ್ರಾಯಕ್ಕೆ ಬಂದ ಮೇಲೆ ಕಾನ್‌ಸ್ಟೆಬಲ್ ಮಾಡುತ್ತಾರೆ. ಪುಟ್ಟ ಮಗುವನ್ನು ಠಾಣೆಗೆ ಕರೆಸಿ ಸಹಿ ಹಾಕಿಸುವುದು ನಮಗೆ ಒಪ್ಪಿಗೆಯಿಲ್ಲ. ಅಪ್ಪನ ಸಮವಸ್ತ್ರವನ್ನೇ ಮಗುವೂ ತೊಡಬೇಕೆಂದು ಆ ವಯಸ್ಸಿನಲ್ಲೇ ತೀರ್ಮಾನಿಸುವುದೂ ಸರಿಯಲ್ಲ. ಆದರೆ ಹುದ್ದೆಯ ಹಕ್ಕು ಮಗುವಿಗಾಗಿ ಕಾದಿರುತ್ತದೆ ಎಂಬ ತತ್ವ ಸರಿ. ಕರ್ತವ್ಯದಲ್ಲಿ ಮಡಿದ ಪೊಲೀಸರ ಮಟ್ಟಿಗೆ 1999ಕ್ಕೆ ಹಿಂದಿನ ಅವಕಾಶವನ್ನು ಮರಳಿ ತನ್ನಿ, ಕುಟುಂಬದಲ್ಲಿ ಬೇರೆ ಯಾರೂ ನೌಕರಿ ಪಡೆದಿಲ್ಲದಿದ್ದರೆ ಹದಿನೆಂಟು ತುಂಬುವವರೆಗೆ ಹಕ್ಕು ಉಳಿಯಲಿ. ನೌಕರಿ ಪಡೆದ ಚಿಕ್ಕಪ್ಪನೋ ತಾಯಿಯೋ ಮಕ್ಕಳನ್ನು ನೋಡಿಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟರಷ್ಟೇ ಸಾಲದು, ವರ್ಷಕ್ಕೊಮ್ಮೆ ಅದು ಪರಿಶೀಲನೆಗೆ ಬರಲಿ.

ವಿದ್ಯಾರ್ಥಿವೇತನದ ಸ್ಥಿತಿಯೂ ಇದೇ. ಪ್ರಧಾನಮಂತ್ರಿ ವಿದ್ಯಾರ್ಥಿವೇತನವನ್ನು 2019ರಲ್ಲಿ ರಾಜ್ಯ ಪೊಲೀಸರ ಮಕ್ಕಳಿಗೂ ವಿಸ್ತರಿಸಲಾಯಿತು: ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ, ಇಡೀ ದೇಶಕ್ಕೆ ವರ್ಷಕ್ಕೆ 500 ಮಂದಿ. ವೃತ್ತಿಪರ ಕೋರ್ಸ್ ಆಗಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕವಿರಬೇಕು, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ. ಆದರೆ ಸಾವು ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಆಗಿರಬೇಕು. 2005ರಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಕೆಎಸ್‌ಆರ್‌ಪಿ ಶಿಬಿರದ ಮೇಲೆ ನಕ್ಸಲರು ನಡೆಸಿದಂಥ ದಾಳಿಯಲ್ಲಿ ಸತ್ತವರಿಗೆ ಈ ವ್ಯಾಖ್ಯೆ ಹೊಂದುತ್ತದೆ. 2025ರ ಜನವರಿಯಲ್ಲಿ ಆರು ನಕ್ಸಲರು ಮುಖ್ಯಮಂತ್ರಿಯ ಎದುರು ಶರಣಾದ ರಾಜ್ಯ ನಮ್ಮದು. ಇಲ್ಲಿ ಪೊಲೀಸರನ್ನು ಈಗ ಕೊಲ್ಲುತ್ತಿರುವುದು ಹೆದ್ದಾರಿ, ಮರಳು ಲಾರಿ, ಕುಡಿದ ಚಾಲಕ, ನಿದ್ದೆಯಿಲ್ಲದ ಪಾಳಿ. ಆ ಮಕ್ಕಳಿಗೆ ಕೇಂದ್ರದ ಯೋಜನೆ ತಾಗುವುದಿಲ್ಲ, ಹೀಗಾಗಿ ರಾಜ್ಯವೇ ಅದೇ ದರದಲ್ಲಿ, ಸಾವಿನ ಬಗೆ ನೋಡದೆ, ಐಟಿಐ ಮತ್ತು ಸಾಮಾನ್ಯ ಪದವಿಗಳನ್ನೂ ಸೇರಿಸಿ ಕೊಡಬೇಕು. ಮಕ್ಕಳ ರಕ್ಷಣೆಗೆ ಕೇಂದ್ರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮಾಂತರದಲ್ಲಿ 72,000, ಉಳಿದೆಡೆ 96,000. ಪಿಂಚಣಿ ಬರುವ ಮನೆ ಆ ಮಿತಿ ದಾಟಿಬಿಡುತ್ತದೆ. ಅದೇ ಬಂದೋಬಸ್ತ್‌ನಲ್ಲಿ ಪಕ್ಕದಲ್ಲೇ ನಿಂತು ಸಾಯುವ ಗೃಹರಕ್ಷಕರಿಗೆ ಪಿಂಚಣಿಯೇ ಇಲ್ಲ. ಅವರ ಮಕ್ಕಳನ್ನು ಯಾವ ಆದೇಶದಲ್ಲೂ ಮರೆಯಬಾರದು.

ಬಂದ ಹಣ ಉಳಿಯುವುದೂ ಒಂದು ಸವಾಲು. ನ್ಯಾಯಮಂಡಳಿ ಮಗುವಿನ ಪಾಲನ್ನು ಪ್ರಾಯಕ್ಕೆ ಬರುವವರೆಗೆ ಬ್ಯಾಂಕ್ ಠೇವಣಿಯಲ್ಲಿ ಇರಿಸುತ್ತದೆ, ಶುಲ್ಕಕ್ಕೆ ಬೇಕಾದಾಗ ರಸೀದಿ ಸಮೇತ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಸರ್ಕಾರದ ಪರಿಹಾರಕ್ಕೂ ಇದೇ ಕಟ್ಟುಪಾಡು ಬೇಕು. ಅರ್ಧವಾದರೂ ಮಕ್ಕಳ ಹೆಸರಿನ ಠೇವಣಿಯಾಗಿರಲಿ, ಬಡ್ಡಿ ತಿಂಗಳು ತಿಂಗಳು ಪೋಷಕರ ಕೈಗೆ ಬರಲಿ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಪತ್ತಿನ ಸಹಕಾರ ಸಂಘಗಳಲ್ಲಿ ಇಡಬೇಡಿ, ಅಲ್ಲಿನ ಠೇವಣಿಗೆ ವಿಮೆ ಇಲ್ಲ. ಬ್ಯಾಂಕಿನಲ್ಲೂ ಪ್ರತಿ ಠೇವಣಿದಾರರಿಗೆ ವಿಮೆ ಐದು ಲಕ್ಷದವರೆಗೆ ಮಾತ್ರ. ಮಗುವಿನ ಹಣದಲ್ಲಿ ನಿವೇಶನ ಕೊಂಡರೆ ಮಗುವಿನ ಹೆಸರಲ್ಲೇ ಕೊಳ್ಳಿ. ಹಿಂದೂ ಅಪ್ರಾಪ್ತರ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಪೋಷಕರು ಮಾರುವಂತಿಲ್ಲ, ಅದು ಮಗುವಿಗೆ ರಕ್ಷಣೆ. ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಅಜ್ಜ ಅಜ್ಜಿ 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದಿಂದ ಪೋಷಕತ್ವ ಪಡೆಯಬೇಕು. ಮುಸ್ಲಿಂ ಕುಟುಂಬಗಳಲ್ಲಿ ಮಗುವಿನ ಆಸ್ತಿಯ ಮಟ್ಟಿಗೆ ತಾಯಿಗೂ ಈ ಆದೇಶ ಬೇಕಾಗುತ್ತದೆ. ಇದಕ್ಕೆ ಇಲಾಖೆಯ ಕಾನೂನು ಅಧಿಕಾರಿಯೇ ಅರ್ಜಿ ಸಿದ್ಧಪಡಿಸಿಕೊಡುವಂತಾಗಲಿ.

ಗೃಹ ಇಲಾಖೆ ಮಾಡಬೇಕಾದ್ದು ಬಹಳ ಖರ್ಚಿನದ್ದೇನಲ್ಲ. ಪ್ರತಿ ಜಿಲ್ಲಾ ಎಸ್‌ಪಿ ಮತ್ತು ಕಮಿಷನರ್ ಕಚೇರಿಯಲ್ಲಿ, ಕರ್ತವ್ಯದಲ್ಲಿ ಮಡಿದ ಪ್ರತಿಯೊಬ್ಬರ ಪ್ರತಿ ಮಗುವಿಗೂ ಒಂದು ಕಡತ ತೆರೆಯಲಿ. ಕಿರಿಯ ಮಗು ಓದು ಮುಗಿಸುವವರೆಗೆ ಅದನ್ನು ಮುಚ್ಚುವಂತಿಲ್ಲ. ಹೊಣೆ ಡಿವೈಎಸ್‌ಪಿ ದರ್ಜೆಯ ಒಬ್ಬ ಅಧಿಕಾರಿಯದ್ದಾಗಿರಲಿ, ವರ್ಗವಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಈ ಕಡತಗಳೂ ಇರಲಿ. ಮಕ್ಕಳು ಶೈಕ್ಷಣಿಕ ವರ್ಷದ ನಡುವೆ ಇದ್ದಾಗ ವಸತಿಗೃಹ ಖಾಲಿ ಮಾಡಿಸಬಾರದು. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಸಂಗ್ರಹವಾಗುವ ಹಣದಲ್ಲಿ ಈ ಮಕ್ಕಳ ಓದಿಗೆ ಎಷ್ಟು ಹೋಯಿತೆಂದು ವರ್ಷವರ್ಷ ಪ್ರಕಟಿಸಲಿ.

ಸೇವೆಯಲ್ಲಿರುವ ಪೊಲೀಸ್ ಬಂಧುಗಳಲ್ಲಿ ಒಂದು ಕೋರಿಕೆ. ಈ ವಾರವೇ ನಿಮ್ಮ ಸೇವಾ ಪುಸ್ತಕ ತರಿಸಿ ನೋಡಿ. ಪ್ರತಿ ಮಗುವಿನ ಹೆಸರು ಮತ್ತು ಜನ್ಮದಿನಾಂಕ ಜನನ ಪ್ರಮಾಣಪತ್ರದಲ್ಲಿರುವಂತೆಯೇ ಇದೆಯೇ, ಕೆಜಿಐಡಿ, ಎನ್‌ಪಿಎಸ್, ಬ್ಯಾಂಕ್ ಖಾತೆ ಮೂರರಲ್ಲೂ ನಾಮನಿರ್ದೇಶನ ಇಂದಿನ ಕುಟುಂಬಕ್ಕೆ ತಕ್ಕಂತಿದೆಯೇ ಎಂದು ಪರಿಶೀಲಿಸಿ. ಪಾಲಿಸಿ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ನೀವು ನಂಬುವ ಸಹೋದ್ಯೋಗಿಯ ಬಳಿ ಇಡಿ.

ಇಂತಿ,
ಪೊಲೀಸ್ ಕುಟುಂಬಗಳ ಪಿಂಚಣಿ ಮತ್ತು ಪರಿಹಾರದ ಕಡತಗಳಿಗೆ ನೆರವಾಗುವ ನಿವೃತ್ತ ಲಿಪಿಕ ಸಿಬ್ಬಂದಿ ಹಾಗೂ ವಕೀಲರು